ಇವತ್ತು ಯಾರ ಸಾರು

ನಮ್ಮೂರಲ್ಲಿ ಒಂದು ಮನೆಯಲ್ಲಿ ಸಾವಾದರೆ ಆ ಮನೆಯ ಒಲೆ ಆರುತ್ತದೆ. ಯಾರೂ ಆರಿಸುವುದಿಲ್ಲ, ತಾನಾಗಿಯೇ ಆರುತ್ತದೆ. ಎರಡು ಅಮಾವಾಸ್ಯೆ ಕಳೆಯುವವರೆಗೆ ಆ ಮನೆಯವರು ಎಲ್ಲಿ ಕಡ್ಡಿ ಗೀರಿದರೂ ಹತ್ತುವುದಿಲ್ಲ, ಸ್ವಂತ ಮನೆಯಲ್ಲಾಗಲಿ ಕಂಡವರ ಮನೆಯಲ್ಲಾಗಲಿ. ಸೀಮೆಎಣ್ಣೆ ಸ್ಟವ್ ಬಂದಾಗ ಈ ಪೀಡೆ ತೊಲಗೀತು ಅಂದುಕೊಂಡೆವು, ತೊಲಗಲಿಲ್ಲ. ಗ್ಯಾಸ್ ಬಂತು, ಅದೂ ಅಷ್ಟೆ. ಬುಸ್ ಅನ್ನುತ್ತದೆ, ವಾಸನೆ ಬರುತ್ತದೆ, ಹತ್ತುವುದಿಲ್ಲ. ಬೀಡಿಯ ಚಟದವರು ಸೂತಕದಲ್ಲಿ ಪಕ್ಕದ ಮನೆಯವರ ಕೈಯಲ್ಲಿ ಹಚ್ಚಿಸಿಕೊಂಡು ಸೇದುತ್ತಾರೆ. ಹೆಣ ಸುಡೋಣವೆಂದರೆ ಮಗನ ಕೈಯಲ್ಲಿ ಬೆಂಕಿಯೇ ಹುಟ್ಟದ ಕಾರಣ ನಮ್ಮಲ್ಲಿ ಯಾವ ಜಾತಿಯವರಿಗಾದರೂ ಮಣ್ಣೇ ಗತಿ. ಯಾಕೆ ಹೀಗೆ ಎಂದು ಹೊರಗಿನವರು ಕೇಳುತ್ತಾರೆ. ಹೊಳೆ ಯಾಕೆ ಇಳಿಜಾರಿಗೆ ಹರಿಯುತ್ತದೆ ಎಂದು ನಾವು ಅವರನ್ನು ಯಾವತ್ತಾದರೂ ಕೇಳಿದ್ದೇವೆಯೇ?

ನಾನು ನಿಂಗಯ್ಯ, ಹಿಟ್ಟಿನ ಗಿರಣಿಯವನು. ನನ್ನ ಗಿರಣಿ, ಅದಕ್ಕೆ ಅಂಟಿಕೊಂಡ ನನ್ನ ಮನೆ ಬೀದಿಯ ಈ ಮಗ್ಗುಲಿಗಿವೆ. ಸಣ್ಣತಾಯಿಯ ಸಾರಿನ ಮನೆ ಆ ಮಗ್ಗುಲಿಗೆ. ನಡುವೆ ಒಂದು ಗಾಡಿ ಹೋಗುವಷ್ಟು ಜಾಗ. ಅವಳ ಬಗ್ಗೆ ಊರಲ್ಲಿ ಎರಡು ಬಗೆಯ ಮಾತಿದೆ. ಅನ್ನಪೂರ್ಣೆ ಅನ್ನುವವರಿದ್ದಾರೆ, ಅನ್ನ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳು ಬಡಿಸಿದವಳಾದರೂ. ಗಂಡನನ್ನು ಕೊಟ್ಟು ಒಲೆ ಉಳಿಸಿಕೊಂಡವಳು ಅನ್ನುವವರೂ ಇದ್ದಾರೆ. ಎರಡನ್ನೂ ಆಡುವ ಬಾಯಿಗಳು ಅವಳ ಸಾರು ಚಪ್ಪರಿಸಿದ ಬಾಯಿಗಳೇ. ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಗಿರಣಿಯ ಸದ್ದಿನಲ್ಲಿ ಕಿವಿ ಸ್ವಲ್ಪ ಮಂದವಾಗಿರಬಹುದು, ಕಣ್ಣು ಮಂದವಾಗಿಲ್ಲ.

ಅವಳ ಗಂಡ ಜವರಣ್ಣ ಊರವನೇ, ಸೌದೆ ಡಿಪೋದಲ್ಲಿ ಕೊಡಲಿ ಹಿಡಿಯುತ್ತಿದ್ದ. ಅವಳು ಹೊರಗಿನಿಂದ ಬಂದ ಹೆಣ್ಣು. ಇಬ್ಬರೂ ಮದುವೆಯಾಗಿ ಎದುರಿನ ಹೆಂಚಿನ ಮನೆಗೆ ಬಾಡಿಗೆಗೆ ಬಂದ ಹೊಸತರಲ್ಲೇ ನಮ್ಮಪ್ಪ ತೀರಿಕೊಂಡರು. ಆಗೆಲ್ಲ ಒಲೆ ಆರಿದ ಮನೆಯವರು ಅವಲಕ್ಕಿ ನೆನೆಸಿ, ಮಜ್ಜಿಗೆ ಹುಯ್ದುಕೊಂಡು ಎರಡು ಅಮಾವಾಸ್ಯೆ ದೂಡುತ್ತಿದ್ದರು. ನೆರೆಯವರು ಅನ್ನ ಕೊಡುವ ಹಾಗಿರಲಿಲ್ಲ. ಯಾಕೆಂದರೆ ಒಂದು ಒಲೆಯ ಅನ್ನವನ್ನು ಮೂರು ಅಮಾವಾಸ್ಯೆ ಉಂಡವರು ಆ ಒಲೆಯವರಾಗಿಬಿಡುತ್ತಾರೆ. ಸೊಸೆ ಬಂದು ಗಂಡನ ಮನೆಯವಳಾಗುವುದು ತಾಳಿಯಿಂದಲ್ಲ, ಹೀಗೆ. ಅವಳು ಸತ್ತರೆ ಆರುವುದು ಗಂಡನ ಮನೆಯ ಒಲೆ, ತವರಿನದಲ್ಲ. ಉಂಡ ಒಲೆಯೇ ಹೆತ್ತ ಒಲೆ ಅನ್ನುತ್ತಾರೆ ನಮ್ಮಲ್ಲಿ. ಹಾಗಾಗಿ ಒಂದು ಹೊತ್ತಿನ ಅನ್ನ ಕೊಡುವುದಕ್ಕೂ ಜನ ಹಿಂದೆ ಮುಂದೆ ನೋಡುತ್ತಿದ್ದರು. ಹೊರಗಿನಿಂದ ಬಂದ ಸಣ್ಣತಾಯಿ ಇದನ್ನೆಲ್ಲ ಕೇಳಿಸಿಕೊಂಡು, ಅನ್ನ ಕೊಡಬಾರದು ಸರಿ, ಸಾರಿಗೇನು ಅಂದಳಂತೆ. ಜಗಲಿಯ ಮೇಲೆ ಕೂತಿದ್ದ ಹಿರಿಯರು ಎಲೆಅಡಿಕೆ ಉಗಿದು, ಯೋಚಿಸಿ, ಸಾರಿನ ಮಾತು ಯಾರೂ ಹೇಳಿಲ್ಲವಲ್ಲ ಅಂದರು. ಅಷ್ಟು ತಲೆಮಾರು ತಣ್ಣಗೆ ಉಂಡು ಸತ್ತಿದ್ದರಲ್ಲ, ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಅವಳು ಬರಿಗೈಯಲ್ಲಿ ಬಂದು ನಮ್ಮ ಹೊಸಿಲಿನ ಆಚೆ ನಿಂತಳು. ನಮ್ಮವ್ವನಿಗೆ ಸಮಾಧಾನದ ಮಾತು ಹೇಳಲಿಲ್ಲ. ಒಂದೇ ಮಾತು ಕೇಳಿದಳು.

"ಹೋದೋರಿಗೆ ಸಾರು ಹೆಂಗಿದ್ರೆ ಸೇರ್ತಿತ್ತು?"

ಅಪ್ಪನನ್ನು ಮಣ್ಣಿಗಿಟ್ಟು ಬಂದರೂ ನಮ್ಮವ್ವನ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಕಲ್ಲಿನ ಹಾಗೆ ಕೂತಿದ್ದಳು. ಹುರುಳಿಕಟ್ಟಿನ ಸಾರು, ಒಂದು ಹಿಡಿ ಬೆಳ್ಳುಳ್ಳಿ, ಉಪ್ಪು ಒಂದು ಚೂರು ಮುಂದಾಗಿರಬೇಕು, ಕಮ್ಮಿಯಾದರೆ ತಟ್ಟೆ ತಳ್ಳುತ್ತಿದ್ದರು ಎಂದು ಹೇಳುತ್ತ ಹೇಳುತ್ತ ಅಳತೊಡಗಿದಳು. ಆಮೇಲೆ ಅವಳು ಅತ್ತ ರೀತಿಗೆ ಗಿರಣಿಯ ತಗಡು ಅದುರಿತು. ಮಧ್ಯಾಹ್ನಕ್ಕೆ ತಾಮ್ರದ ತಪ್ಪಲೆಯಲ್ಲಿ ಸಾರು ಬಂತು. ಅವಲಕ್ಕಿಯ ಮೇಲೆ ಹುಯ್ದುಕೊಂಡೆವು. ಅದು ಅಪ್ಪನ ಸಾರೇ. ಉಪ್ಪು ಮುಂದಾಗಿತ್ತು. ಅವ್ವ ಎರಡು ಸಲ ಹಾಕಿಸಿಕೊಂಡಳು.

ಸುದ್ದಿ ಹಬ್ಬಲು ನಮ್ಮೂರಲ್ಲಿ ಎಷ್ಟು ಹೊತ್ತು? ಮುಂದಿನ ಸಾವಿನ ಮನೆಯವರು ತಾವೇ ಹೇಳಿ ಕಳಿಸಿದರು. ಆಮೇಲೆ ಇದೊಂದು ಪದ್ಧತಿಯೇ ಆಯಿತು. ಸಾವಾದ ಮನೆಯ ಹೊಸಿಲಿನಾಚೆ ಸಣ್ಣತಾಯಿ ನಿಲ್ಲಬೇಕು, ಅದೇ ಮಾತು ಕೇಳಬೇಕು, ಹೇಳಿದ್ದನ್ನು ತಪ್ಪಾಗದಿರಲೆಂದು ಒಂದು ಸಲ ತಿರುಗಿ ಒಪ್ಪಿಸಿ ಹೋಗಬೇಕು. ಮೊದಲ ದಿನ ಹೋದವರಿಗೆ ಸೇರುತ್ತಿದ್ದ ಸಾರು, ಮಿಕ್ಕ ದಿನ ಏನಾದರೂ ಬಿಸಿಬಿಸಿ. ಒಂದು ತಪ್ಪಲೆ ಮೂರಾಯಿತು. ಜವರಣ್ಣ ಡಿಪೋ ಬಿಟ್ಟು ಒಲೆಯ ಮುಂದೆ ಕೂತ. ತಪ್ಪಲೆಯಲ್ಲಿ ಉಳಿದ ಸಾರಿನ ಘಮಕ್ಕೆ ದಾರಿಹೋಕರು ಇಣುಕತೊಡಗಿದರು. ಅವರಿಗೊಂದು ಬೆಂಚು ಬಂತು, ಆಮೇಲೆ ನಾಲ್ಕು ಬೆಂಚು. ಪಕ್ಕದ ಮನೆ ಕೊಂಡು ನಡುಗೋಡೆ ಕೆಡವಿದರು. ತಗಡಿನ ಹೊಗೆಕೊಳವೆ ಎದ್ದಿತು. ಯಾರ ಮನೆಯಲ್ಲೂ ಸಾವಾಗದ ಜನ ತಮ್ಮ ತಮ್ಮ ಮನೆಯ ಮುದ್ದೆಯನ್ನೋ ಅನ್ನವನ್ನೋ ಡಬ್ಬಿಯಲ್ಲಿ ಕಟ್ಟಿಕೊಂಡು ಬಂದು, ಅವಳ ಸಾರು ಹಾಕಿಸಿಕೊಂಡು ಉಣ್ಣತೊಡಗಿದರು. ಬಾಗಿಲಿಗೆ ಬಂದವರ ಮೊದಲ ಮಾತು, ಇವತ್ತು ಯಾರ ಸಾರು?

ಅದಕ್ಕಾಗಿ ಬಾಗಿಲ ಪಕ್ಕ ಕರಿಹಲಗೆಯೊಂದು ಬಂತು. ಹೋದವರ ಮನೆ, ಹೋದವರ ಹೆಸರು ಅದರ ಮೇಲೆ. ಕೋಟೆ ಬೀದಿ ಪೋಸ್ಟ್‌ಮಾಸ್ಟರು. ಬಳೆಗಾರರ ಮನೆ ದೇವೀರಮ್ಮ. ಪೋಸ್ಟ್‌ಮಾಸ್ಟರು ಬದುಕಿದ್ದಾಗ ಒಬ್ಬರಿಗೆ ಒಂದು ಲೋಟ ನೀರು ಕೊಟ್ಟವರಲ್ಲ. ಸತ್ತ ಮೇಲೆ ಅವರ ಮೆಣಸಿನ ಸಾರಿಗೆ ಊರು ಸಾಲುಗಟ್ಟಿ ನಿಂತಿತು. ಮುದುಕರು ಕೋಲೂರಿಕೊಂಡು ಬಂದು, ಸೊಸೆ ಸರಿಯಾಗಿ ಹೇಳುತ್ತಾಳೋ ಇಲ್ಲವೋ, ನನಗೆ ಬಸ್ಸಾರು ಎಂದು ಮುಂಗಡವಾಗಿಯೇ ಹೇಳಿ ಹೋಗುತ್ತಿದ್ದರು. ಸಣ್ಣತಾಯಿ ನಗುತ್ತಿದ್ದಳು, ಹೋಗ್ರಜ್ಜ, ಇನ್ನೂ ಹುಳಿ ನೆನೆಸಿಲ್ಲ ಅನ್ನುತ್ತಿದ್ದಳು. ಊಟದ ಹೋಟೆಲು ಮಾಡು, ಅನ್ನವನ್ನೂ ನೀನೇ ಹಾಕು ಎಂದು ಬುದ್ಧಿ ಹೇಳಿದವರು ಬಹಳ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಬರುವ ಗಿರಾಕಿಗೆ ಅನ್ನ ಇಕ್ಕಿದರೆ ಮೂರು ಅಮಾವಾಸ್ಯೆಗೆ ಅವನು ಅವಳ ಮನೆಯವನಾಗುತ್ತಾನೆ; ಅವನು ಎಲ್ಲೋ ಬಿದ್ದು ಸತ್ತರೆ ಅವಳ ಒಲೆ ಆರುತ್ತದೆ. ಅಷ್ಟು ದೊಡ್ಡ ಸಂಸಾರ ಅವಳಿಗೆ ಬೇಡವಾಗಿತ್ತು.

ಜವರಣ್ಣನ ವಿಷಯ ಹೇಳಬೇಕು. ಮೂರು ಒಲೆಗೂ ಊದುಕೊಳವೆ ಹಿಡಿದವನು ಅವನು. ರುಚಿ ನೋಡುವವನೂ ಅವನೇ. ಸಣ್ಣತಾಯಿ ಸೌಟಿನ ತುದಿಯಲ್ಲಿ ಒಂದು ತೊಟ್ಟು ಹಿಡಿದು, ಹೋದವರಿಗೆ ಹುಳಿ ಕಮ್ಮಿಯಂತೆ, ಬೆಲ್ಲ ಬೇಕಂತೆ, ನೋಡಿ ಅನ್ನುತ್ತಿದ್ದಳು. ಅವನು ಕಣ್ಣು ಮುಚ್ಚಿ, ನಾಲಿಗೆ ಆಡಿಸಿ, ಉಪ್ಪು ಬೇಕು ಅಂತಲೋ ಸರಿಗೈತೆ ಅಂತಲೋ ಹೇಳುತ್ತಿದ್ದ. ಬದುಕಿದ್ದಾಗ ಒಂದು ದಿನವೂ ಮಾತಾಡಿಸದವರ ನಾಲಿಗೆ ಅವನಿಗೆ ಹೇಗೆ ಗೊತ್ತಾಗುತ್ತಿತ್ತೋ. ಗಿರಾಕಿಗಳೆಲ್ಲ ಹೋದ ಮೇಲೆ ತಪ್ಪಲೆಗಳ ತಳದಲ್ಲಿ ಉಳಿದದ್ದನ್ನೆಲ್ಲ ಒಂದಕ್ಕೆ ಬಗ್ಗಿಸಿಕೊಂಡು ಅನ್ನಕ್ಕೆ ಕಲಸಿ ಉಣ್ಣುವುದು ಅವನ ರೂಢಿ. ಸಣ್ಣತಾಯಿ, ಹೇಗಿದೆ ಎಂದರೆ ಆಗಲೂ ಅದೇ, ಸರಿಗೈತೆ. ಮೂವತ್ತು ವರ್ಷ ಅವನು ಉಂಡದ್ದೆಲ್ಲ ಸತ್ತವರ ರುಚಿ. ನಿಮಗೆ ಹೇಗಿದ್ದರೆ ಸೇರುತ್ತದೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಬದುಕಿರುವವರನ್ನು ಕೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಊರಲ್ಲಿ ಒಂದು ಕೆಟ್ಟ ಚಾಳಿಯಿತ್ತು. ಸಾಯುವ ಕಾಲಕ್ಕೆ ಬಂದ ಮುದುಕರನ್ನು ಕೆಲವರು ಮೆಲ್ಲಗೆ ಬೇರೆಯವರ ಮನೆಯ ಅನ್ನಕ್ಕೆ ಹಚ್ಚಿಬಿಡುತ್ತಿದ್ದರು. ಮೂರು ಅಮಾವಾಸ್ಯೆ ಕಳೆದರೆ ಸಾವು ಆ ಮನೆಯ ಪಾಲು, ತಮ್ಮ ಒಲೆ ಬೆಚ್ಚಗೆ. ಮದುವೆ ಗೊತ್ತಾದ ಮನೆಯವರು, ವ್ಯಾಪಾರದವರು ಹೀಗೆ ಮಾಡುತ್ತಿದ್ದರು. ಒಲೆ ದಾಟಿಸುವುದು ಅನ್ನುತ್ತಾರೆ ಇದಕ್ಕೆ. ಬಟ್ಟೆ ಅಂಗಡಿಯವರು ತಮ್ಮ ಅಪ್ಪನನ್ನು ತೋಟದ ಕಾವಲುಗಾರನ ಗುಡಿಸಲಿಗೆ ದಾಟಿಸಿದಾಗ ಸಣ್ಣತಾಯಿ ಆ ಕಾವಲುಗಾರನ ಮನೆಗೆ ಸಾರು ಹೊತ್ತು ಹೋಗಿ, ಬರುವಾಗ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕ್ಯಾಕರಿಸಿ ಉಗಿದು ಬಂದಿದ್ದಳು. ಹೆತ್ತೋನ್ನ ದಾಟಿಸಿದ ಕೈಗೆ ನನ್ನ ಸೌಟಿನ ಸಾರು ಬೀಳಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದಳು. ಸಾಯುವವರೆಗೂ ಆ ಮನೆಯವರಿಗೆ ಅವಳು ಒಂದು ಸೌಟು ಹಾಕಲಿಲ್ಲ. ಆಡಿದ ಮಾತು, ಒಡೆದ ಮುತ್ತು.

ಆಮೇಲೆ ಜ್ವರದ ವರ್ಷ ಬಂತು. ಕುಂಬಾರಗೇರಿಯಲ್ಲಿ ಶುರುವಾಗಿ ಕೋಟೆ ಬೀದಿಗೆ ಬಂದು, ಅಲ್ಲಿಂದ ಎಲ್ಲೆಂದರಲ್ಲಿ. ಬೆಳಗ್ಗೆ ಎದ್ದು ಮಾಡಿನ ಮೇಲೆ ಹೊಗೆ ನೋಡುವುದೇ ನಮಗೊಂದು ಹೆದರಿಕೆಯಾಯಿತು. ನಿನ್ನೆ ಹೊಗೆಯಾಡುತ್ತಿದ್ದ ಮನೆ ಇವತ್ತು ಆಡುತ್ತಿರಲಿಲ್ಲ. ಕೆಲವು ಬೀದಿಗಳಲ್ಲಿ ಸಾಲಿಗೆ ಸಾಲೇ ಒಲೆ ಆರಿತು. ಮಕ್ಕಳು, ಬಾಣಂತಿಯರು, ಜ್ವರ ಬಿಟ್ಟು ಎದ್ದವರು, ಎಲ್ಲರ ಹೊಟ್ಟೆಗೂ ಬಿಸಿ ಎಂದು ಇಳಿಯುತ್ತಿದ್ದದ್ದು ಸಣ್ಣತಾಯಿಯ ಸಾರು ಒಂದೇ. ಹೊಸಿಲು ಹೊಸಿಲಿಗೆ ಹೋಗಿ ಕೇಳಲು ಅವಳಿಗೆ ಹೊತ್ತು ಸಾಲದೆ, ಮಗಳು ಪದ್ದಿಯೂ ಕೇಳಲು ಹೊರಟಳು. ಪದ್ದಿ ಒಬ್ಬಳೇ ಮಗಳು, ಅಪ್ಪನ ಬಾಲ. ಕರಿಹಲಗೆಯಲ್ಲಿ ಹೆಸರು ಬರೆಯಲು ಜಾಗ ಸಾಲುತ್ತಿರಲಿಲ್ಲ. ಒಲೆಗಳು ಮೂರರಿಂದ ಏಳಾದವು. ಅಂಗಡಿ ಅಷ್ಟು ದೊಡ್ಡದು ಯಾವತ್ತೂ ಆಗಿರಲಿಲ್ಲ ಎಂದು ನಾನು ಹೇಳಿದರೆ ನಿಮಗೆ ಅಸಹ್ಯವಾಗಬಹುದು. ನನಗೂ ಆಗುತ್ತದೆ. ಅವರ ಖಾರದ ಪುಡಿ ಬೀಸಿ ಬೀಸಿ ನನ್ನ ಗಿರಣಿಯೂ ಆ ವರ್ಷ ಬಿಡುವಿಲ್ಲದೆ ಓಡಿತು.

ಜವರಣ್ಣನಿಗೆ ಜ್ವರ ಬರಲಿಲ್ಲ. ಅವನಿಗೆ ಬಂದದ್ದು ಕೆಮ್ಮು. ಮೂವತ್ತು ವರ್ಷ ಕುಡಿದ ಹೊಗೆಯೆಲ್ಲ ಎದೆಯಲ್ಲಿ ಕೂತಿತ್ತು. ಊದುಕೊಳವೆ ಬಾಯಿಗಿಟ್ಟರೆ ಉಸಿರು ಒಲೆಯವರೆಗೆ ಹೋಗದೆ ನಡುವೆಯೇ ಮುಗಿಯುತ್ತಿತ್ತು. ಡಾಕ್ಟರು ಎದೆಗೆ ಕಿವಿಗೊಟ್ಟು, ಮಳೆಗಾಲ ದಾಟುವುದು ಕಷ್ಟ ಎಂದು ಹೊರಗೆ ಬಂದು ಹೇಳಿದರು. ಹೊರಗೆ ಹೇಳಿದ ಮಾತು ಹೊರಗೆಲ್ಲ ಹಬ್ಬಿತು. ಅವತ್ತಿನಿಂದ ಸಾರಿಗೆ ಬಂದವರು ಸಾರು ಹಾಕಿಸಿಕೊಂಡು ಸುಮ್ಮನೆ ಹೋಗುತ್ತಿರಲಿಲ್ಲ. ಒಳಗೆ ಇಣುಕಿ, ಜವರಣ್ಣ ಹೇಗಿದ್ದಾನೆ ಎಂದು ಕೇಳುತ್ತಿದ್ದರು. ಕೇಳುವ ದನಿಯಲ್ಲಿ ಇದ್ದದ್ದು ಮರುಕವಲ್ಲ, ಲೆಕ್ಕಾಚಾರ. ಅವನು ಹೋದರೆ ಏಳು ಒಲೆಯೂ ಆರುತ್ತವೆ. ಸಣ್ಣತಾಯಿಯ ಕೈಯಲ್ಲೂ ಪದ್ದಿಯ ಕೈಯಲ್ಲೂ ಎರಡು ಅಮಾವಾಸ್ಯೆ ಬೆಂಕಿ ಹುಟ್ಟದು. ಹಸಿದ ಬೀದಿಗಳ ಗತಿಯೇನು?

ಕೋಟೆ ಬೀದಿಯ ಮರಿಗುದ್ದಯ್ಯ ಇಬ್ಬರು ಮೊಮ್ಮಕ್ಕಳನ್ನು ಆ ಜ್ವರಕ್ಕೆ ಕೊಟ್ಟವನು; ಮೂರನೆಯದು ಮಲಗಿತ್ತು. ಒಂದು ದಿನ ನಾಲ್ಕೈದು ಜನರನ್ನು ಕಟ್ಟಿಕೊಂಡು ಬಂದು ಬೆಂಚಿನ ಮೇಲೆ ಕೂತ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದ. ದಾಟಿಸು ಅನ್ನಲಿಲ್ಲ. ಮಗುವಿನ ಬಾಯಿಗೆ ನಿನ್ನ ಸಾರಿನ ತಿಳಿ ಬಿಟ್ಟು ಬೇರೇನೂ ಇಳಿಯುತ್ತಿಲ್ಲ ಅಂದ. ನಿನ್ನ ಒಲೆ ನೂರು ಕಾಲ ಉರಿಯಲಿ ತಾಯಿ ಎಂದು ಹರಸಿ ಎದ್ದ. ಒಳಗೆ ಗೋಡೆಯ ಮಗ್ಗುಲಲ್ಲಿ ಮಲಗಿದ್ದ ಜವರಣ್ಣನಿಗೆ ಎಲ್ಲವೂ ಕೇಳಿಸುತ್ತಿತ್ತು.

ಮಾರನೆಯ ದಿನ ಸಣ್ಣತಾಯಿ ನನ್ನ ಗಿರಣಿಗೆ ಬಂದಳು. ಬೀಸಲು ಏನನ್ನೂ ತಂದಿರಲಿಲ್ಲ. ಗಿರಣಿ ನಿಲ್ಲಿಸು ಎಂದು ಕೈಸನ್ನೆ ಮಾಡಿದಳು. ನಾನು ಪಟ್ಟಿ ಕಳಚಿದೆ, ಸದ್ದು ಅಡಗಿತು.

"ನಿಂಗಣ್ಣ, ನಮ್ಮನೆಯವರನ್ನ ನಿಮ್ಮ ಒಲೆಗೆ ಹಾಕ್ಕೊತೀಯಾ?"

ಬಟ್ಟೆ ಅಂಗಡಿಯ ಮೆಟ್ಟಿಲು ನನಗೆ ನೆನಪಾಯಿತು. ಅವಳಿಗೂ ನೆನಪಾಗಿತ್ತು, ಅವಳ ಮುಖವೇ ಹೇಳುತ್ತಿತ್ತು. ಜವರಣ್ಣ ಏನಂತಾನೆ ಎಂದು ಕೇಳಿದೆ. ಕೇಳಬೇಕಾದ ಮಾತು ಅದೊಂದೇ ಅನ್ನಿಸಿತು.

"ಏನಂತಾರೆ. ಸರಿಗೈತೆ ಅಂದ್ರು."

ಆಮೇಲೆ ಅವಳು ನೆಲ ನೋಡಿಕೊಂಡು, ನಿಮ್ಮ ಒಲೆ ಆರುತ್ತದೆ, ಅದು ನನಗೆ ಗೊತ್ತು, ಆಗ ನಿಮಗೆ ಸಾರು ನಾನೇ ತಂದು ಕೊಡ್ತೀನಿ ಅಂದಳು. ಹಾಗೆ ಅಂದವಳು ತನ್ನ ಮಾತು ತನಗೇ ಕೇಳಿಸಿ ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗಿನಿಂದ ನನ್ನ ಹೆಂಡತಿ ಚೆಲುವಿ ಬಂದು ಬಾಗಿಲಲ್ಲಿ ನಿಂತಿದ್ದಳು. ಬರಲಿ ಬುಡಿ ಅಕ್ಕ, ನಮ್ಮತ್ತೆ ಸಾಯೋ ತನಕ ನೀವು ಕೊಟ್ಟ ಮಾವನ ಸಾರು ನೆನೀತಿದ್ರು ಅಂದಳು. ನಮ್ಮ ಮನೆಯಲ್ಲಿ ಇಂಥ ತೀರ್ಮಾನ ಯಾರು ಮಾಡುವುದೆಂದು ನಿಮಗೆ ಗೊತ್ತಾಯಿತಲ್ಲ.

ಸಣ್ಣತಾಯಿಗೆ ಅಂಗಡಿಯ ಮೇಲೆ ಆಸೆ ಇರಲಿಲ್ಲವೇ ಎಂದರೆ, ಇತ್ತು. ಏಳು ಒಲೆ ಉರಿಯುವುದನ್ನು ನೋಡಿ ಅವಳ ಕಣ್ಣಲ್ಲಿ ಹೆಮ್ಮೆ ಉರಿಯುತ್ತಿದ್ದದ್ದನ್ನು ನಾನು ಎದುರಿನಿಂದ ಕಂಡಿದ್ದೇನೆ. ಮರಿಗುದ್ದಯ್ಯನ ಮೊಮ್ಮಗುವಿನ ಮೇಲೆ ಮರುಕವಿತ್ತೇ ಎಂದರೆ, ಅದೂ ಇತ್ತು. ಯಾವುದು ಎಷ್ಟು ಎಂದು ಅಳೆಯುವ ತಕ್ಕಡಿ ನನ್ನಲ್ಲಿಲ್ಲ.

ಬೀದಿ ದಾಟಲು ಜವರಣ್ಣ ಯಾರ ಹೆಗಲನ್ನೂ ಹಿಡಿಯಲಿಲ್ಲ. ನಡುಬೀದಿಯಲ್ಲಿ ಒಮ್ಮೆ ನಿಂತು ಕೆಮ್ಮಿ, ಸುಧಾರಿಸಿಕೊಂಡು ಬಂದ. ನಮ್ಮ ಜಗಲಿಯ ಕಂಬಕ್ಕೆ ಒರಗಿ, ತನ್ನ ಅಂಗಡಿಗೆ ಮುಖ ಮಾಡಿ ಕೂತ. ಅಲ್ಲೇ ಕೂರುವುದು, ಅಲ್ಲೇ ಉಣ್ಣುವುದು, ರಾತ್ರಿ ಮಾತ್ರ ಒಳಗೆ. ಸಾರಿಗೆ ನಂಟಿಲ್ಲ, ಅನ್ನಕ್ಕೆ ಮಾತ್ರ ಎಂದು ಊರಿಗೇ ಗೊತ್ತು. ಅವಳು ದಿನಾ ಒಂದು ಬಟ್ಟಲು ಸಾರು ಕಳಿಸಬಹುದಿತ್ತು. ಎರಡು ದಿನ ಕಳಿಸಿದಳು ಕೂಡ. ಆಮೇಲೆ ಮರಿಗುದ್ದಯ್ಯನ ಕಡೆಯವರು, ಸಾರಿನ ಜೊತೆ ಒಂದು ಅಗುಳು ಬಂದರೂ ಗತಿಯೇನು, ಇಷ್ಟು ಮಾಡಿದವಳು ಅದೊಂದನ್ನೂ ಬಿಡಬಾರದೇ ಎಂದು ಗೊಣಗಿದರು. ಅವಳಿಗೂ ಅಳುಕು ಹತ್ತಿತು. ಕಳಿಸುವುದನ್ನು ನಿಲ್ಲಿಸಿದಳು. ಬೀದಿ ದಾಟಿ ಬಂದು ಮಾತಾಡಿಸುವುದನ್ನೂ ನಿಲ್ಲಿಸಿದಳು, ಎದುರಿಗೆ ಬಂದರೆ ಅಡಗಿಸಿಕೊಂಡ ಅಳು ಒಡೆದೀತು ಎಂದು. ಯಾರೂ ಹೇಳದ ಕಟ್ಟಳೆಯನ್ನು ತಾನೇ ಕಟ್ಟಿಕೊಂಡು ಅದರೊಳಗೆ ಕೂತಳು. ಇದೊಂದನ್ನು ಮಾಡಬೇಕಾಗಿರಲಿಲ್ಲ ಎಂದು ನಾನು ಈಗಲೂ ಅನ್ನುತ್ತೇನೆ.

ಪದ್ದಿ ಅವ್ವನ ಜೊತೆ ಮಾತು ಬಿಟ್ಟಿದ್ದಳು. ಒಂದು ಮಧ್ಯಾಹ್ನ ಸೆರಗಿನಡಿ ಬಟ್ಟಲು ಮುಚ್ಚಿಕೊಂಡು ಬಂದು ಅಪ್ಪನ ಮುಂದಿಟ್ಟಳು. ಜವರಣ್ಣ ಅದರ ಘಮ ಎಳೆದುಕೊಂಡ. ಬಟ್ಟಲನ್ನು ತಿರುಗಿ ಅವಳ ಕಡೆಗೆ ಸರಿಸಿದ.

"ಬ್ಯಾಡ ಮಗಾ. ನಿಮ್ಮವ್ವ ಬ್ಯಾಡ ಅಂದವ್ಳೆ."

ಆದರೆ ದಿನವಿಡೀ ಅವನು ಅವಳ ಜೊತೆಯಲ್ಲೇ ಇದ್ದ. ಹೊಗೆಕೊಳವೆಯನ್ನು ನೋಡುತ್ತ, ಹಸಿ ಸೌದೆ ಹಾಕವ್ಳೆ, ಅದಕ್ಕೇ ಕಪ್ಪಗೆ ಬರ್ತಾ ಐತೆ ಅನ್ನುತ್ತಿದ್ದ. ಈಗ ಒಗ್ಗರಣೆ ಬಿತ್ತು ಅನ್ನುತ್ತಿದ್ದ. ಒಂದು ಹೊತ್ತಿನಲ್ಲಿ ಹೊಗೆ ತೆಳ್ಳಗಾದರೆ, ಎದ್ದು ಹೋದ್ಲು, ಯಾರದೋ ಹೊಸಿಲಿಗೆ ಹೋಗಿರಬೇಕು ಅನ್ನುತ್ತಿದ್ದ. ಅವಳೂ ಒಮ್ಮೊಮ್ಮೆ ಸೌಟು ಹಿಡಿದುಕೊಂಡೇ ಆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಇಬ್ಬರೂ ನೋಡಿಕೊಳ್ಳುತ್ತಿದ್ದರು. ನಡುವೆ ಗಾಡಿಗಳು ಹಾದು ಹೋಗುತ್ತಿದ್ದವು.

ಚೆಲುವಿಗೆ ತನ್ನ ಸಾರಿನದೇ ಭಯ. ಸಣ್ಣತಾಯಿಯ ಕೈರುಚಿ ಉಂಡ ಗಂಡಸಿಗೆ ನನ್ನ ಸಾರು ಹೇಗೆ ಇಕ್ಕುವುದು ಎಂದು ಮೊದಲ ದಿನವೇ ನನ್ನನ್ನು ಕೇಳಿದಳು. ಬಡಿಸಿ, ಹೇಗಿದೆ ಎಂದಳು. ಸರಿಗೈತೆ ಅಂದ. ಅವಳು ಬಿಡುವ ಪೈಕಿಯಲ್ಲ. ಸರಿಗೈತೆ ಅನ್ನೋದು ನನಗೆ ಬ್ಯಾಡ, ನಿಮಗೆ ಹೆಂಗಿದ್ರೆ ಸೇರ್ತದೆ ಹೇಳಿ ಎಂದು ಸೌಟು ಹಿಡಿದು ನಿಂತಳು. ಆ ಪ್ರಶ್ನೆಯನ್ನು ಅವನು ಸಾವಿರ ಸಲ ಕೇಳಿಸಿಕೊಂಡಿದ್ದ, ಒಮ್ಮೆಯೂ ಅವನಿಗೆಂದು ಅಲ್ಲ. ಆಮೇಲೆ ನಾಚಿಕೊಂಡು ನಾಚಿಕೊಂಡು ಹೇಳಿದ. ಅವನ ಅವ್ವ ಮಾಡುತ್ತಿದ್ದ ಬರೀ ಬೇಳೆಕಟ್ಟಿನ ಸಾರು, ಅದರ ಅಂದಚಂದ. ಚೆಲುವಿ ಹಾಗೆಯೇ ಮಾಡಿದಳು. ಅವತ್ತು ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಸರಿಗೈತೆ ಅನ್ನಲಿಲ್ಲ.

ಮೂರನೆಯ ಅಮಾವಾಸ್ಯೆಯೂ ಕಳೆಯಿತು. ಆದರೂ ಊರಿಗೆ ಅನುಮಾನ. ಮೂವತ್ತು ವರ್ಷ ಊದಿ ಉರಿಸಿದ ಒಲೆಯನ್ನು ಗಂಡಸೊಬ್ಬ ಮೂರು ತಿಂಗಳ ಅನ್ನಕ್ಕೆ ದಾಟುತ್ತಾನೆಯೇ ಎಂದು ಬೆಂಚುಗಳ ಮೇಲೆ ಚರ್ಚೆ. ಕೆಲವರು ಮನೆಯಲ್ಲಿ ಅವಲಕ್ಕಿ ಕೂಡಿಡತೊಡಗಿದರು. ಸಣ್ಣತಾಯಿ ಏನು ಬಯಸುತ್ತಿದ್ದಳು ಎಂದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೇ ಗೊತ್ತಿತ್ತೋ ಇಲ್ಲವೋ.

ಒಂದು ಬೆಳಗ್ಗೆ ಚೆಲುವಿ ಮುದ್ದೆಗೆ ಎಸರಿಟ್ಟಿದ್ದಳು. ಎಸರು ಕುದಿಯುತ್ತಿತ್ತು. ಒಲೆ ಆರಿತು. ಗಾಳಿಯಿರಲಿಲ್ಲ, ಸೌದೆ ಒಣಗಿತ್ತು. ಅವಳು ಊದಲಿಲ್ಲ, ಕಡ್ಡಿ ಗೀರಲಿಲ್ಲ. ಎದ್ದು ಜಗಲಿಗೆ ಬಂದಳು. ಜವರಣ್ಣ ಕಂಬಕ್ಕೆ ಒರಗಿಯೇ ಇದ್ದ, ಮುಖ ಅತ್ತಲೇ. ನಾನು ತಲೆಯೆತ್ತಿ ಎದುರು ನೋಡಿದೆ. ಸಾರಿನ ಮನೆಯ ಕೊಳವೆಯಿಂದ ಹೊಗೆ ದಟ್ಟವಾಗಿ ಏಳುತ್ತಿತ್ತು.

ಆಚೆ ನಡೆದದ್ದನ್ನು ಪದ್ದಿ ಆಮೇಲೆ ಹೇಳಿದಳು. ನಮ್ಮ ಮನೆಯ ಕೂಗು ಕೇಳಿದಾಗ ಸಣ್ಣತಾಯಿ ದೊಡ್ಡ ಒಲೆಯ ಮುಂದೆ ಇದ್ದಳು. ಬೆಂಕಿಯನ್ನೇ ನೋಡುತ್ತ ಕೂತಳು. ಅದು ಉರಿಯುತ್ತಲೇ ಇತ್ತು. ಕೊಳ್ಳಿಗಳನ್ನು ಈಚೆಗೆ ಎಳೆದು ಚೊಂಬಿನ ನೀರು ಸುರಿದಳು. ಬೂದಿ ಬಾಚಿ, ಪಕ್ಕದ ಒಲೆಯಲ್ಲಿ ಒಂದು ಹಿಡಿ ಒಣಹುಲ್ಲಿಟ್ಟು ಕಡ್ಡಿ ಗೀರಿದಳು. ಹತ್ತಿತು. ಊದಿ ಆರಿಸಿ ಇನ್ನೊಂದು ಗೀರಿದಳು. ಹತ್ತಿತು. ಪೊಟ್ಟಣ ಅರ್ಧವಾಗುವವರೆಗೆ ಗೀರಿದಳು. ಪದ್ದೀ, ನೀನು ಗೀರು ಎಂದು ಮಗಳ ಕೈಗೆ ಕೊಟ್ಟಳು. ಮಗಳ ಕೈಯಲ್ಲೂ ಮೊದಲ ಕಡ್ಡಿಗೇ ಹತ್ತಿತು.

"ಹಾಳಾದ್ದು, ಒಂದಾದ್ರೂ ಆರಬಾರ್ದಾ" ಅಂದಳಂತೆ ಸಣ್ಣತಾಯಿ.

ನಮ್ಮ ಜಗಲಿಯ ತುಂಬ ಹೆಂಗಸರು ಸೇರಿದ್ದರು. ಅವಳು ಬೀದಿ ದಾಟಿ ಬರುವುದನ್ನು ಕಂಡು ದಾರಿ ಬಿಟ್ಟರು. ಕೈಗೆ ಬೂದಿ ಮೆತ್ತಿತ್ತು, ಸೆರಗಿನಲ್ಲಿ ಒರೆಸಿಕೊಂಡಳು. ಎದೆ ಬಡಿದುಕೊಂಡು ಗಂಡನ ಮೇಲೆ ಬೀಳುತ್ತಾಳೆ ಎಂದು ಎಲ್ಲರೂ ಕಾದರು. ಅವನು ಅವಳ ಮನೆಯವನಾಗಿರಲಿಲ್ಲ. ಹಾಗೆ ಬೀಳುವ ಹಕ್ಕು ಇಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಅವನ ಕಡೆ ನೋಡಲೂ ಇಲ್ಲ. ನಮ್ಮ ಹೊಸಿಲಿನ ಆಚೆ, ಅಂದು ನಮ್ಮಪ್ಪ ಹೋದ ದಿನ ನಿಂತಿದ್ದ ಜಾಗದಲ್ಲೇ ನಿಂತಳು. ಈಚೆ ನನ್ನ ಹೆಂಡತಿ. ದನಿ ಅದೇ ದನಿ, ಎಲ್ಲರ ಮನೆಯಲ್ಲೂ ಕೇಳಿದ್ದು.

"ಹೋದೋರಿಗೆ ಸಾರು ಹೆಂಗಿದ್ರೆ ಸೇರ್ತಿತ್ತು?"

ಚೆಲುವಿ ನನ್ನ ಮುಖ ನೋಡಿದಳು. ಸುಮ್ಮನೆ ಪದ್ಧತಿಗೆ ಕೇಳುತ್ತಿದ್ದಾಳೆ, ಗೊತ್ತಿಲ್ಲದೆ ಏನು ಅಂದುಕೊಂಡಿದ್ದೆ ನಾನು. ಸಣ್ಣತಾಯಿಯ ಕಣ್ಣು ನೋಡಿದ ಮೇಲೆ ತಿಳಿಯಿತು. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ.

"ಖಾರ ಹಾಕಬಾರ್ದು ಅಕ್ಕ" ಅಂದಳು ಚೆಲುವಿ ಮೆಲ್ಲಗೆ. "ಬೇಳೆಕಟ್ಟು ತೆಳ್ಳಗಿರಬೇಕು. ಹುಳಿ ಒಂಚೂರು ಮುಂದು. ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟು ಹಿಚುಕಬೇಕು. ಒಗ್ಗರಣೆ ಬ್ಯಾಡ."

"ಖಾರ ಆಗ್ತಿರ್ಲಿಲ್ವಾ?"

"ಹೊಟ್ಟೆ ಉರೀತದೆ ಅಂತಿದ್ರು. ಮೊದಲಿಂದ್ಲೂ ಅಂತೆ."

ಸಣ್ಣತಾಯಿ ತಲೆಯಾಡಿಸಿದಳು. ತಪ್ಪಾಗದಿರಲೆಂದು, ಎಲ್ಲರ ಹೊಸಿಲಲ್ಲೂ ಮಾಡುತ್ತಿದ್ದ ಹಾಗೆ, ತಿರುಗಿ ಒಪ್ಪಿಸಿದಳು. ತೆಳ್ಳಗಿನ ಬೇಳೆಕಟ್ಟು, ಖಾರ ಇಲ್ಲ, ಹುಳಿ ಮುಂದು, ಸುಟ್ಟ ಬೆಳ್ಳುಳ್ಳಿ, ಒಗ್ಗರಣೆ ಇಲ್ಲ. ಹಾಗೆಯೇ ಹಿಂದಿರುಗಿ ಬೀದಿ ದಾಟಿದಳು.

ಅವನನ್ನು ಮಣ್ಣಿಗಿಟ್ಟು ಬರುವ ಹೊತ್ತಿಗೆ ತಾಮ್ರದ ತಪ್ಪಲೆ ನಮ್ಮ ಜಗಲಿಯ ಮೇಲೆ ಕೂತಿತ್ತು. ಅವಲಕ್ಕಿಗೆ ಹುಯ್ದುಕೊಂಡು ಉಂಡೆವು. ಚೆಲುವಿ ಒಂದು ತುತ್ತು ಬಾಯಿಗಿಟ್ಟು, ಹಿಂಗೇ, ಕೂದಲೆಳೆಯಷ್ಟು ತಪ್ಪಿಲ್ಲ ಎಂದು ಅತ್ತಳು. ನಾನೂ ಅತ್ತೆ. ಅಳಲು ನಮಗೆ ಅಡ್ಡಿಯಿರಲಿಲ್ಲ, ಅವನು ನಮ್ಮ ಮನೆಯವನು.

ಎದುರಿನ ಕರಿಹಲಗೆಯ ಮೇಲೆ ಪದ್ದಿ ಬರೆಯಲು ಒಪ್ಪದಿದ್ದಾಗ ಸಣ್ಣತಾಯಿಯೇ ಬರೆದಳು, ಗಿರಣಿ ಮನೆ ಜವರಣ್ಣ. ಗಿರಾಕಿಗಳು ಬಂದರು, ಓದಿದರು, ಡಬ್ಬಿ ಬಿಚ್ಚಿದರು. ಮರಿಗುದ್ದಯ್ಯ ಮೊಮ್ಮಗುವಿಗೆ ಒಂದು ಚೊಂಬು ಒಯ್ದ. ಸಪ್ಪೆ ಎಂದು ಒಬ್ಬಿಬ್ಬರು ಗೊಣಗಿದ್ದು ಇತ್ತ ಜಗಲಿಗೂ ಕೇಳಿಸಿತು. ಎಲ್ಲರೂ ಹೋದ ಮೇಲೆ ತಳದಲ್ಲಿ ಉಳಿದದ್ದಕ್ಕೆ ಯಾರೂ ಇರಲಿಲ್ಲ. ಸಣ್ಣತಾಯಿ ತಪ್ಪಲೆಯನ್ನು ಓರೆ ಮಾಡಿ ಅದನ್ನು ತನ್ನ ತಟ್ಟೆಗೆ ಬಗ್ಗಿಸಿಕೊಂಡು, ಬಾಗಿಲಲ್ಲಿ, ನಮ್ಮ ಕಂಬದ ಎದುರಿಗೆ ಉಣ್ಣಲು ಕೂತಳು. ತಟ್ಟೆಯಿಂದ ಹಬೆ ಏಳುವುದು ನನಗೆ ಇಲ್ಲಿಂದ ಕಾಣುತ್ತಿತ್ತು. ಅವಳ ಅನ್ನ ಬಿಸಿಯಾಗಿತ್ತು. ಅವಳ ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ.